ಉಚಿತ ಶ್ರವಣ ಸಾಧನ ವಿತರಣೆ

ನನ್ನ ತಂಗಿಯ ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು ಮನೆಯಲ್ಲಿ ಮೊದಲು ಬಾಯಿಬಿಟ್ಟು ಹೇಳಿದವರು ಮಗುವಿನ ಅಜ್ಜಿ, ಅಂದರೆ ತಂಗಿಯ ಅತ್ತೆ. "ಕರುದ್ರೆ ತಿರುಗಿ ನೋಡೋದು ನಾಯಿಮರಿಗೂ ಗೊತ್ತು ಕಣೇ. ಇದಕ್ಕೆ ಗೊತ್ತಿಲ್ಲ" ಎಂದರು. ಕುರುಬರಹಳ್ಳಿಯ ಅವರ ಮನೆಯ ಮುಂದಿನ ಕೋಣೆಯಲ್ಲಿ ಮಗು ಚಾಪೆಯ ಮೇಲೆ ಕೂತು ಸ್ಟೀಲ್ ಡಬ್ಬಿಗಳನ್ನು ಒಂದರೊಳಗೊಂದು ಇಡುತ್ತಿದ್ದಳು. ಅಜ್ಜಿ ಅವಳ ಬೆನ್ನ ಹಿಂದೆ ನಿಂತು ಊಟದ ತಟ್ಟೆಯೊಂದನ್ನು ನೆಲಕ್ಕೆ ಬಿಟ್ಟರು. ನಾನೂ ತಂಗಿಯೂ ಬೆಚ್ಚಿಬಿದ್ದೆವು. ಮಗು ಡಬ್ಬಿ ಜೋಡಿಸುತ್ತಲೇ ಇದ್ದಳು. ಆಗ ಅವಳಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಅಜ್ಜಿಯ ಆ ಮಾತನ್ನು ಸ್ವಲ್ಪ ಮೆತ್ತಗೆ ಬರೆಯಬಹುದೇ ಎಂದು ಯೋಚಿಸಿದೆ. ಆಗಲಿಲ್ಲ, ಅವರು ಹೇಳಿದ್ದೇ ಹಾಗೆ. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಮೆತ್ತಗೆ ಮಾತಾಡುವ ನಾವು ತಿಂಗಳುಗಟ್ಟಲೆ "ಕೆಲವು ಮಕ್ಕಳಿಗೆ ಮಾತು ತಡ" ಎಂದುಕೊಂಡು ಸುಮ್ಮನಿದ್ದೆವು.

ಬಸವೇಶ್ವರನಗರದಲ್ಲಿ ಟ್ರಸ್ಟೊಂದು ನಡೆಸುವ ತರಬೇತಿ ಕೇಂದ್ರವಿತ್ತು. ಕಿವಿ ಕೇಳದ, ಮಾತು ಬಾರದ ಸಣ್ಣ ಮಕ್ಕಳಿಗೆಂದೇ ಇದ್ದದ್ದು. ಕೆಳಗೆ ಪಾತ್ರೆ ಅಂಗಡಿ, ಮೇಲೆ ಕೇಂದ್ರ. ಸಿಬ್ಬಂದಿಯ ಸಂಬಳ, ಮಕ್ಕಳಿಗೆ ಕೊಡುವ ಕಿವಿಯ ಯಂತ್ರ ಎಲ್ಲವೂ ಸರ್ಕಾರದ ಅನುದಾನದಿಂದ ಬರುತ್ತಿದ್ದವು. ಟ್ರಸ್ಟಿನ ಕಾರ್ಯದರ್ಶಿ ಆ ಭಾಗ ಹಳ್ಳಿಯಾಗಿದ್ದ ಕಾಲದಲ್ಲಿ ಹೊಲ ಇಟ್ಟುಕೊಂಡಿದ್ದ ಮನೆತನದವರು. ಈಗ ಆ ಹೊಲದಲ್ಲಿ ಅವರ ಕಟ್ಟಡಗಳಿವೆ. ಎಲ್ಲರೂ ಅವರನ್ನು ಸೆಕ್ರೆಟರಿ ಸಾರ್ ಎನ್ನುತ್ತಿದ್ದರು. ಅವರ ಜೇಬಿನಲ್ಲಿ ಯಾವಾಗಲೂ ಬಿಸ್ಕತ್ತು ಇರುತ್ತಿತ್ತು. ಮಕ್ಕಳು ಅವರ ಕಾಲಿಗೆ ಜೋತುಬೀಳುತ್ತಿದ್ದವು. ಮಕ್ಕಳ ಮೇಲೆ ಅವರಿಗೆ ಪ್ರೀತಿಯಿತ್ತು. ಮುಂದೆ ನಡೆದದ್ದನ್ನು ಓದುವಾಗ ಅದನ್ನು ಮರೆಯಬಾರದು.

ಅಲ್ಲಿ ಕಿವಿ ಪರೀಕ್ಷೆ ಮಾಡಿ ಯಂತ್ರ ಹೊಂದಿಸುತ್ತಿದ್ದವಳು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಮೈಸೂರಿನಲ್ಲಿ ಓದಿ ಬಂದವಳು, ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದವಳು. ತಂಗಿ ಅವಳನ್ನು ಮೇಡಂ ಎನ್ನುತ್ತಿದ್ದಳು. ಮೊದಲ ದಿನ ಅವಳು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಕೇಳಿಸಲ್ಲ ಅಂತ ಇವಳ ಹತ್ರ ಕಿರುಚ್ಬೇಡಿ. ಸಣ್ಣ ಶಬ್ದ ಇವಳಿಗೆ ಇಲ್ಲವೇ ಇಲ್ಲ, ಸರಿ. ಆದ್ರೆ ಮಷಿನ್ ಹಾಕಿದ ಮೇಲೆ ಜೋರು ಶಬ್ದ ನಮಗಿಂತ ಇವಳಿಗೇ ಜಾಸ್ತಿ ನೋವು. ಉಪವಾಸ ಇದ್ದೋರಿಗೆ ಗಂಜಿ ಕುಡಿಸ್ತೀವಲ್ಲ, ಹಾಗೆ ಚೂರು ಚೂರೇ ಏರಿಸ್ಬೇಕು."

"ಎಷ್ಟು ದಿನ ಆಗ್ಬೋದು ಮೇಡಂ?" ಎಂದು ತಂಗಿ ಕೇಳಿದಳು.

"ದಿನದ ಲೆಕ್ಕ ನಾನು ಹೇಳಲ್ಲ. ಆದ್ರೆ ಭಾಷೆ ಹತ್ತೋದು ಈ ವಯಸ್ಸಲ್ಲೇ. ಈಗ ಬಿಟ್ರೆ ಮುಂದೆ ಎಂಥಾ ಮಷಿನ್ ಹಾಕಿದ್ರೂ ಶಬ್ದ ಕೇಳಿಸುತ್ತೆ, ಮಾತು ಕೇಳಿಸಲ್ಲ."

ತಂಗಿಯ ಗಂಡ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸ ಮಾಡುತ್ತಾನೆ. ಸಂಜೆ ಕೈ ತೊಳೆದುಕೊಂಡು ಬಂದು ತಂಗಿ ಹೇಳಿದ್ದನ್ನೆಲ್ಲ ಕೇಳಿದ. ಕೊನೆಗೆ, "ಅಪ್ಪ ಅಂತಾಳಾ?" ಎಂದಷ್ಟೇ ಕೇಳಿದ. ಅವನು ಆ ಪ್ರಶ್ನೆಯನ್ನು ಆಮೇಲೂ ಬಹಳ ಸಲ ಕೇಳಿದ್ದಾನೆ.

ತಂಗಿ ದಿನಾ ಬೆಳಿಗ್ಗೆ ಮಗುವನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ನನಗೆ ನಾಗರಬಾವಿಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ. ರಜೆ ಇದ್ದ ದಿನ ನಾನೂ ಹೋಗುತ್ತಿದ್ದೆ. ಕೇಂದ್ರದ್ದೇ ಒಂದು ಹಳೆಯ ಯಂತ್ರವನ್ನು ಮಗುವಿಗೆ ಅಲ್ಲಿ ಇದ್ದಷ್ಟು ಹೊತ್ತು ಹಾಕುತ್ತಿದ್ದರು. ಶಬ್ದ ಕೇಳಿಸಿದರೆ ಒಂದು ಮಣಿಯನ್ನು ಬಕೆಟ್ಟಿಗೆ ಹಾಕಬೇಕು, ಇಲ್ಲದಿದ್ದರೆ ಕೈಯಲ್ಲೇ ಹಿಡಿದಿರಬೇಕು. ಮೊದಮೊದಲು ಮಗು ನಮ್ಮ ಮುಖ ನೋಡಿ ಹಾಕುತ್ತಿದ್ದಳು. ನಮ್ಮ ಮುಖದಲ್ಲಿ ಏನು ಬದಲಾದರೂ ಅವಳಿಗೆ ತಿಳಿಯುತ್ತಿತ್ತು. ಅದಕ್ಕೇ ಮೇಡಂ ನಮ್ಮನ್ನು ಹಿಂದೆ ಕೂರಿಸಿದಳು. ಚಳಿಗಾಲ ಕಳೆಯುವ ಹೊತ್ತಿಗೆ ಮಗು ಯಾರ ಮುಖವನ್ನೂ ನೋಡದೆ ಮಣಿ ಹಾಕತೊಡಗಿದಳು. ಒಂದು ದಿನ ತಂಗಿ ಹಿಂದಿನಿಂದ "ಬಾ" ಎಂದಳು. ಮಗು ತಿರುಗಿ, ಎದ್ದು, ಬಂದಳು. ತಂಗಿ ಏನು ಮಾಡಬೇಕೆಂದು ತಿಳಿಯದೆ ಮತ್ತೆ "ಬಾ" ಎಂದಳು. ಮಗು ಅವಳ ಮಡಿಲಲ್ಲೇ ನಿಂತಿದ್ದಳು, ಇನ್ನೆಲ್ಲಿಗೆ ಬರಬೇಕು.

ಆಮೇಲೆ ಮಾರ್ಚ್ ಬಂತು. ಆ ವರ್ಷ ಯಂತ್ರಗಳಿಗೆಂದು ಬಂದ ಅನುದಾನ ತಿಂಗಳ ಕೊನೆಯೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸ್ಸು. ಹಣ ಬಂದದ್ದೇ ತಡವಾಗಿ. ಯಂತ್ರಗಳ ಡಬ್ಬಗಳು ಬರುವ ಮೊದಲೇ ಸಮಾರಂಭದ ದಿನ ಗೊತ್ತಾಗಿ, ಮುಖ್ಯ ಅತಿಥಿ ಒಪ್ಪಿ, ವಿಜಯನಗರದಲ್ಲಿ ಕಲ್ಯಾಣ ಮಂಟಪ ಬುಕ್ ಆಗಿತ್ತು. ಯಂತ್ರವನ್ನು ಪ್ರತಿ ಮಗುವಿನ ಕಿವಿಗೂ ಬೇರೆ ಬೇರೆಯಾಗಿ ಕಂಪ್ಯೂಟರಿನಲ್ಲಿ ಹೊಂದಿಸಬೇಕು, ಕಿವಿಯ ಅಚ್ಚು ತೆಗೆಯಬೇಕು. ಮೇಡಂ ಒಬ್ಬಳೇ ಇದ್ದಳು. ವೇದಿಕೆಯ ಮೇಲೆ ಡಬ್ಬ ಮಾತ್ರ ಕೊಡೋಣ, ಕಿವಿಗೆ ಹಾಕುವುದನ್ನು ಆಮೇಲೆ ಒಬ್ಬೊಬ್ಬರಿಗೇ ಮಾಡುತ್ತೇನೆ ಎಂದು ಅವಳು ಕೇಳಿಕೊಂಡದ್ದು ನಮ್ಮೆದುರಿಗೇ.

ಸೆಕ್ರೆಟರಿ ನಕ್ಕರು. "ಡಬ್ಬ ಕೊಟ್ರೆ ಫೋಟೋದಲ್ಲಿ ಸೀರೆ ಹಂಚಿದ ಹಾಗೆ ಕಾಣುತ್ತಮ್ಮ. ಕಿವೀಲಿ ಕಾಣ್ಬೇಕು. ಅದು ಕಂಡ್ರೆ ತಾನೇ ಮುಂದಿನ ವರ್ಷ ನಿನ್ ಸಂಬಳ?"

ಸಮಾರಂಭದ ದಿನ ಮಂಟಪದ ಬಾಗಿಲಿನಿಂದ ಗೇಟಿನವರೆಗೆ ಮಕ್ಕಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದ್ದರು. ಎಲ್ಲರ ಕಿವಿಯ ಹಿಂದೆಯೂ ಹೊಸ ಯಂತ್ರ, ಕೈಯಲ್ಲಿ ಸೇವಂತಿಗೆ ಎಸಳು ತುಂಬಿದ ತಟ್ಟೆ. ಒಬ್ಬೊಬ್ಬರ ಕಿವಿಗೂ ಹೊಂದಿಸಲು ಸಮಯವಿಲ್ಲದೆ ಮೇಡಂ ಎಲ್ಲ ಯಂತ್ರಗಳ ಶಬ್ದವನ್ನೂ ಸಾಧ್ಯವಾದಷ್ಟು ಕೆಳಗೆ ಇಳಿಸಿದ್ದಳು. ಸಾಲಿನ ಮೊದಲಲ್ಲಿ, ಗೇಟಿನ ಪಕ್ಕದಲ್ಲೇ, ನಮ್ಮ ಮಗು. ಗುಲಾಬಿ ಬಣ್ಣದ ಲಂಗ ಹಾಕಿದ್ದಳು. ಗೇಟಿನಾಚೆ ಕ್ರೇನಿನಲ್ಲಿ ಸೇಬಿನ ಹಾರ ತೂಗುತ್ತಿತ್ತು. ಫುಟ್‌ಪಾತಿನಲ್ಲಿ ತಮಟೆಯವರು ಕಾಗದಕ್ಕೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಅವರ ಪಕ್ಕ ರಸ್ತೆಯುದ್ದಕ್ಕೂ ಸರಪಟಾಕಿ ಬಿಚ್ಚಿ ಹಾಸಿದ್ದರು.

ಮೇಡಂ ಅದನ್ನು ನೋಡಿ ಸೆಕ್ರೆಟರಿಯ ಹಿಂದೆ ಓಡಿದಳು. "ಸಾರ್, ಮಕ್ಕಳ ಕಿವೀಲಿ ಮಷಿನ್ ಇದೆ ಸಾರ್. ತಮಟೆ ಬೇಡ ಸಾರ್, ಇಲ್ಲಾಂದ್ರೆ ಮಕ್ಕಳನ್ನ ಒಳಗೆ ಕರ್ಕೊಂಡು ಹೋಗ್ತೀನಿ."

"ಕಿವುಡ ಮಕ್ಕಳಲ್ವೇನಮ್ಮ, ತಮಟೆಯಿಂದ ಅವಕ್ಕೆ ಏನಾಗುತ್ತೆ?" ಎಂದರು ಅವರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಬೆಳಗಿನಿಂದ ಆ ಮಕ್ಕಳಿಗೆ ಕೇಳುವ ಯಂತ್ರ ಹಾಕಿಸಿದ ಮನುಷ್ಯನಿಗೆ, ಆ ಮಕ್ಕಳಿಗೆ ಈಗ ಕೇಳಿಸುತ್ತದೆ ಎಂಬುದು ಹೊಳೆದೇ ಇರಲಿಲ್ಲ. "ತಮಟೆ ಇಲ್ದೆ ಸಾಹೇಬ್ರನ್ನ ಬರಮಾಡ್ಕೊಂಡ್ರೆ ಅವಮಾನ ಆಗುತ್ತೆ."

ಆಮೇಲೆ ಅವರು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಮಕ್ಕಳ ಕೆನ್ನೆ ಮುಟ್ಟುತ್ತ ಬಂದರು. ನಮ್ಮ ಮಗುವಿನ ಹತ್ತಿರ ನಿಂತು ಯಂತ್ರ ನೋಡಿದರು. "ಇದೇನು ಇಷ್ಟು ಕಮ್ಮಿ ಇಟ್ಟಿದೀರ? ಸಾಹೇಬ್ರು ಪುಟ್ಟೀನ ಮಾತಾಡಿಸ್ತಾರೆ, ಕೇಳಿಸ್ಬೇಕಲ್ವಾ?" ಎಂದು ಹೆಬ್ಬೆರಳಿನಿಂದ ಶಬ್ದ ಏರಿಸುವ ಅದರ ಸಣ್ಣ ಗಾಲಿಯನ್ನು ಕೊನೆಯವರೆಗೂ ತಿರುಗಿಸಿದರು. ಎರಡೂ ಕಿವಿಯದ್ದು. ತಂಗಿ ಸಾಲಿನ ಪಕ್ಕ ಕಟ್ಟಿದ್ದ ಹಗ್ಗದ ಈಚೆ ಪೋಷಕರ ಜೊತೆ ನಿಂತಿದ್ದಳು. "ಸಾರ್, ಮೇಡಂ ಬೇಡ ಅಂದಿದಾರೆ" ಎಂದಳು. ಅಷ್ಟರಲ್ಲಿ ಕಾರು ಬಂತು.

ಪಟಾಕಿಗೆ ಬೆಂಕಿ ಮುಟ್ಟಿತು. ತಮಟೆಯವರು ಒಟ್ಟಿಗೆ ಹೊಡೆದರು, ಗೇಟಿನೊಳಗೆ ಬಂದು ಮಕ್ಕಳ ಸಾಲಿನ ಪಕ್ಕದಲ್ಲೇ ಕುಣಿಯುತ್ತ ಹೊಡೆದರು.

ಮಗು ತಕ್ಷಣ ಅಳಲಿಲ್ಲ. ಮೊದಲು ತಟ್ಟೆ ಬಿತ್ತು. ಆಮೇಲೆ ಮಂಡಿ ಮಡಚಿಕೊಂಡಿತು. ಆಮೇಲೆ ಬಾಯಿ ತೆರೆಯಿತು. ಅವಳ ಗಂಟಲಿನಲ್ಲಿ ಅಂಥದೊಂದು ಕೂಗಿದೆಯೆಂದು ನಮಗೆ ಗೊತ್ತಿರಲಿಲ್ಲ. ಅವಳು ಎರಡೂ ಅಂಗೈಗಳಿಂದ ಮುಚ್ಚಿಕೊಂಡದ್ದು ಕಿವಿಯನ್ನಲ್ಲ, ಕಣ್ಣನ್ನು. ಅವಳಿಗೆ ಹೊರಗಿನ ಲೋಕ ಒಳಗೆ ಬರುತ್ತಿದ್ದದ್ದು ಕಣ್ಣಿನಿಂದ. ಬೇಡವಾದದ್ದೂ ಅಲ್ಲಿಂದಲೇ ಬರುತ್ತಿದೆ ಎಂದುಕೊಂಡಿರಬೇಕು. ಕಣ್ಣನ್ನು ಎಷ್ಟು ಒತ್ತಿದರೂ ಅದು ನಿಲ್ಲಲಿಲ್ಲ. ಆಗ ಕೈ ತೆಗೆದು ಗೇಟಿನ ಪಕ್ಕದ ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದಳು. ಸಾಲಿನಲ್ಲಿದ್ದ ಇನ್ನೂ ಕೆಲವು ಮಕ್ಕಳು ಕಿರುಚುತ್ತಿದ್ದವು.

ಮೈಕಿನಲ್ಲಿದ್ದ ನಿರೂಪಕ ಕೂಗಿದ. "ಕೇಳಿಸ್ತು! ಬಂಧುಗಳೇ, ನಮ್ಮ ಮಕ್ಕಳಿಗೆ ಕೇಳಿಸ್ತು! ಜೋರಾಗಿ ಒಂದು ಚಪ್ಪಾಳೆ!"

ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ರೇಷ್ಮೆ ಸೀರೆಯ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. "ಪಾಪ, ಮೊದಲನೇ ಸಲ ಅಲ್ವಾ, ಸಂತೋಷ ತಡ್ಕೊಳಕ್ಕೆ ಆಗ್ತಿಲ್ಲ" ಎಂದರು. ತಂಗಿ ಹಗ್ಗದಡಿ ನುಸುಳಿದಳು. ಸ್ವಯಂಸೇವಕನೊಬ್ಬ ಅಡ್ಡ ಕೈ ಹಿಡಿದು, "ಆಂಟಿ, ಒಂದ್ನಿಮಿಷ, ಫ್ರೇಮ್‌ಗೆ ಬರ್ಬೇಡಿ" ಎಂದ. ಮುಖ್ಯ ಅತಿಥಿ ಮಗುವನ್ನು ಎತ್ತಿಕೊಂಡು ಕ್ಯಾಮೆರಾದ ಕಡೆ ತಿರುಗಿದರು. ಯಂತ್ರಗಳನ್ನು ಕಿತ್ತು ತೆಗೆದವಳು ಮೇಡಂ. ಅವಳು ಎಲ್ಲಿಂದ ನುಗ್ಗಿ ಬಂದಳೋ ನಾನು ನೋಡಲಿಲ್ಲ. ಅವರ ತೋಳಿನಲ್ಲಿದ್ದ ಮಗುವಿನ ಕಿವಿಗೆ ಕೈಹಾಕಿದ್ದಕ್ಕೆ ಅಂಗರಕ್ಷಕನೊಬ್ಬ ಅವಳನ್ನು ಪಕ್ಕಕ್ಕೆ ತಳ್ಳಿದ. ಆ ಹೊತ್ತಿಗೆ ಜನ ಸೇಬಿಗಾಗಿ ಕ್ರೇನಿನ ಕಡೆ ನುಗ್ಗುತ್ತಿದ್ದರು.

ಮಗು ಆಮೇಲೆ ಯಂತ್ರ ಹಾಕಿಸಿಕೊಳ್ಳಲಿಲ್ಲ. ಡಬ್ಬ ಕಂಡರೆ ಮಂಚದ ಕೆಳಗೆ ಸೇರುತ್ತಿದ್ದಳು. ಬಲವಂತ ಮಾಡಿದರೆ ಕಚ್ಚುತ್ತಿದ್ದಳು. ತಂಗಿಯ ಮುಂಗೈಯಲ್ಲಿ ಆ ಹಲ್ಲಿನ ಗುರುತು ಬಹಳ ದಿನ ಇತ್ತು. ತಲೆಗೆ ಎಣ್ಣೆ ಹಚ್ಚಲು ಹೋದರೂ ಕಿವಿಯ ಹತ್ತಿರ ಬೆರಳು ಬರಗೊಡುತ್ತಿರಲಿಲ್ಲ. "ಮೊದಲಿಂದ ಶುರು ಮಾಡೋಣ. ಮೊದಲು ಕಿವಿ ಮುಟ್ಟೋದು, ಆಮೇಲೆ ಖಾಲಿ ಮಷಿನ್, ಆಮೇಲೆ ಶಬ್ದ. ಆಗುತ್ತೆ" ಎಂದಳು ಮೇಡಂ. ಆಗುತ್ತಿತ್ತೋ ಏನೋ. ಮಾರ್ಚ್ ಮುಗಿದಾಗ ಅವಳ ಗುತ್ತಿಗೆಯೂ ಮುಗಿದಿತ್ತು. ಯಂತ್ರಗಳಿಗೆ ಹಣ ಬಂದಿತ್ತು, ಕಲಿಸುವವರ ಸಂಬಳದ ಹಣ ಹೊಸ ವರ್ಷಕ್ಕೆ ಮಂಜೂರಾಗಿರಲಿಲ್ಲ. ಅವಳು ಕೆಲವು ಶನಿವಾರ ಸಂಬಳವಿಲ್ಲದೆಯೇ ಬಂದಳು. ಆಮೇಲೆ ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಹೋದಳು. ನಾಗರಬಾವಿಯ ಖಾಸಗಿ ಕ್ಲಿನಿಕ್ಕಿನಲ್ಲಿ ವಿಚಾರಿಸಿದೆವು. ಲೇತ್ ಕೆಲಸದವನ ಸಂಬಳಕ್ಕೆ ಅದು ನಿಲುಕುವಂಥದ್ದಾಗಿರಲಿಲ್ಲ, ಕಾಲೇಜು ಗುಮಾಸ್ತೆಯ ಸಂಬಳ ಸೇರಿಸಿದರೂ.

ಆ ಬೇಸಿಗೆಯಲ್ಲಿ ಸಿಗ್ನಲ್ ಹತ್ತಿರ ದೊಡ್ಡ ಫ್ಲೆಕ್ಸ್ ಬಂತು. ಮುಖ್ಯ ಅತಿಥಿಯ ತೋಳಿನಲ್ಲಿ ನಮ್ಮ ಮಗು, ಬಾಯಿ ಪೂರ್ತಿ ತೆರೆದು, ಕೆನ್ನೆಯ ತುಂಬ ನೀರು. ಕೆಳಗೆ "ಮೊದಲ ಬಾರಿಗೆ ಶಬ್ದ ಕೇಳಿದ ಕಂದಮ್ಮನ ಆನಂದಬಾಷ್ಪ" ಎಂದು ಬರೆದಿತ್ತು. ತರಕಾರಿ ತರಲು ತಂಗಿ ಅದರ ಕೆಳಗೇ ಹೋಗಬೇಕಿತ್ತು. ಮಗು ಮೇಲೆ ನೋಡಿ ತನ್ನನ್ನು ಗುರುತು ಹಿಡಿದು ಬೆರಳು ತೋರಿಸಿದಳಂತೆ.

ಅಜ್ಜಿ ಬೀದಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ಫ್ಲೆಕ್ಸ್ ತೋರಿಸಿ ಬಂದರು. ಮನೆಗೆ ಬಂದು ತಂಗಿಗೆ, "ಅಷ್ಟು ದೊಡ್ಡೋರು ಎತ್ಕೊಂಡ್ರು, ಸರ್ಕಾರ ಮಷಿನ್ ಕೊಡ್ತು, ಫೋಟೋನೂ ಬಂತು. ಇನ್ನೂ ಒಂದು ಮಾತಾಡ್ಸಕ್ಕೆ ನಿನ್ ಕೈಲಿ ಆಗ್ಲಿಲ್ವಲ್ಲೇ" ಎಂದರು. ತಂಗಿಯ ಗಂಡ ಅಲ್ಲೇ ಊಟ ಮಾಡುತ್ತಿದ್ದ. ಆ ಹೊತ್ತಿಗೆ ಅವನು ತನ್ನ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದ.

ಮಗುವಿಗೆ ಮೂರು ದಾಟಿದ ಮೇಲೆ, ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಸೆಕ್ರೆಟರಿ ಫೋನ್ ಮಾಡಿದರು. ಇಲಾಖೆಯಿಂದ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ, ಕೊಟ್ಟ ಯಂತ್ರಗಳಿಂದ ಫಲ ಸಿಕ್ಕಿದೆಯೇ ಎಂದು ನೋಡುತ್ತಾರೆ, ಫಲ ಕಂಡರೆ ಕಲಿಸುವವರ ಸಂಬಳ ಮಂಜೂರಾಗುತ್ತದೆ. "ಪುಟ್ಟೀನ ಕರ್ಕೊಂಡು ಬನ್ನಿಮ್ಮ. ಮಷಿನ್ ಹಾಕ್ಕೊಂಡೇ ಬರ್ಬೇಕು. ನಿಮ್ಮ ಮಗು ಎಲ್ರಿಗೂ ಗೊತ್ತು."

"ಟೀಚರ್ ಬಂದ್ರೆ ಇವಳಿಗೆ ಮತ್ತೆ ಕಲಿಸ್ತಾರಾ ಸಾರ್?" ಎಂದು ತಂಗಿ ಕೇಳಿದಳು.

"ಕಲಿಸ್ದೆ ಇನ್ನೇನಮ್ಮ? ಅದಕ್ಕೇ ತಾನೇ ಇದೆಲ್ಲ."

ತಂಗಿ ಅಷ್ಟರಲ್ಲಿ ಒಂದು ವಿಷಯ ಕಂಡುಕೊಂಡಿದ್ದಳು. ಮಗುವಿನ ಎದುರಿಗೇ ಬ್ಯಾಟರಿ ತೆಗೆದು ತೋರಿಸಿ, ಖಾಲಿ ಯಂತ್ರವನ್ನು ಕೈಗೆ ಕೊಟ್ಟರೆ, ಮಗು ಅದನ್ನು ತಾನೇ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಕೇಂದ್ರದ ಮೆಟ್ಟಿಲಿನ ಮೇಲೆ ನಿಂತು ತಂಗಿ ಹಾಗೆಯೇ ಮಾಡಿದಳು. ಬ್ಯಾಟರಿಗಳು ಅವಳ ಪರ್ಸಿನಲ್ಲಿದ್ದವು.

ಒಳಗೆ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿದ್ದರು, ಎದುರಿಗೆ ತಾಯಂದಿರು. ಅಧಿಕಾರಿ ವಯಸ್ಸಾದವರು, ಹಿತವಾಗಿ ಮಾತಾಡುವವರು. ತಮಗೂ ಇಷ್ಟೇ ದೊಡ್ಡ ಮೊಮ್ಮಗನಿದ್ದಾನೆ ಎಂದರು. ದೇವರ ಮನೆಯ ಹಿತ್ತಾಳೆ ಗಂಟೆಯೊಂದನ್ನು ಹಿಡಿದು ಪ್ರತಿ ಮಗುವಿನ ಹಿಂದೆ ನಿಂತು ಅಲ್ಲಾಡಿಸುತ್ತಿದ್ದರು. ನಮಗಿಂತ ಮೊದಲು ಒಬ್ಬ ಹುಡುಗ. ಅವನು ತಿರುಗಲಿಲ್ಲ. ಮತ್ತೊಮ್ಮೆ ಅಲ್ಲಾಡಿಸಿದರು. ಹುಡುಗ ಜಮಖಾನದ ದಾರ ಎಳೆಯುತ್ತಿದ್ದ. ಅಧಿಕಾರಿ ಸೆಕ್ರೆಟರಿಯ ಕಡೆ ನೋಡಿ, "ಇಷ್ಟು ಖರ್ಚು ಮಾಡಿದ್ದಕ್ಕೆ ಒಂದು ಮಗುವಾದ್ರೂ ತಿರುಗಬೇಡ್ವೇನ್ರಿ?" ಎಂದರು. ಸೆಕ್ರೆಟರಿಯ ಮುಖ ಬಾಡಿತು. ಆ ಹುಡುಗನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವರು ನಮ್ಮ ಮಗುವಿನ ಹಿಂದೆ ಬಂದು ನಿಂತರು. ನಾನು ತಂಗಿಯ ಪಕ್ಕದಲ್ಲಿ ಕೂತಿದ್ದೆ, ಅವಳ ಮುಖ ನನಗೆ ಓರೆಯಾಗಿ ಕಾಣುತ್ತಿತ್ತು. ಗಂಟೆ ಅಲ್ಲಾಡಿತು. ತಂಗಿ ಹುಬ್ಬು ಎತ್ತಿ, ಕಣ್ಣನ್ನು ಒಂದಿಷ್ಟೇ ಮಗುವಿನ ಭುಜದಾಚೆಗೆ ಹೊರಳಿಸಿದಳು. ಮಗು ತಿರುಗಿ ನೋಡಿದಳು.

"ಭೇಷ್!" ಎಂದರು ಅಧಿಕಾರಿ. ಇನ್ನೊಂದು ಪಕ್ಕಕ್ಕೆ ಹೋಗಿ ಅಲ್ಲಾಡಿಸಿದರು. ತಂಗಿಯ ಕಣ್ಣು ಆ ಕಡೆ ಹೋಯಿತು. ಮಗು ಆ ಕಡೆ ತಿರುಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಹುಡುಗನ ತಾಯಿಯೂ ತಟ್ಟಿದಳು.

ಅಧಿಕಾರಿ ಖುಷಿಯಿಂದ ಕುರ್ಚಿಗೆ ಬಂದು ಕೂತರು. "ಇದು ನೋಡಿ ಫಲ ಅಂದ್ರೆ. ಟೀಚರ್ ಪೋಸ್ಟಿಗೆ ನಾನು ಬರೀತೀನಿ, ಆಗುತ್ತೆ. ಆದ್ರೆ ಈ ಮಗು ಇಲ್ಲಿ ಇನ್ನೂ ಯಾಕೆ? ಇವಳಿಗೆ ಆಯ್ತಲ್ಲ. ಮಾಮೂಲಿ ಎಲ್‌ಕೆಜಿಗೆ ಸೇರಿಸಿ. ಈ ಸೀಟು ತಿರುಗ್ದೇ ಇರೋ ಮಕ್ಕಳಿಗೆ ಕೊಡಿ, ನ್ಯಾಯವಾಗಿ."

"ಹಾಗೇ ಮಾಡ್ತೀವಿ ಸಾರ್" ಎಂದರು ಸೆಕ್ರೆಟರಿ.

ತಂಗಿ ಬಾಯಿ ತೆರೆದಳು. ಅವಳ ಪರ್ಸಿನ ಜಿಪ್ಪಿನ ಮೇಲೆ ಅವಳ ಬೆರಳುಗಳಿದ್ದವು. ಆ ಹುಡುಗನ ತಾಯಿ ಪಕ್ಕದಿಂದ ಬಗ್ಗಿ ತಂಗಿಯ ಮಂಡಿ ಹಿಡಿದುಕೊಂಡಳು. "ಬೇಡ ಕಣಕ್ಕಾ" ಎಂದಳು, ಬಹಳ ಸಣ್ಣ ದನಿಯಲ್ಲಿ. "ಈಗ ಹೇಳಿದ್ರೆ ಯಾರಿಗೂ ಟೀಚರ್ ಸಿಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ." ಅವಳು ನಿಜವಾಗಿಯೂ ಕಾಲಿನ ಕಡೆಗೇ ಕೈ ಇಳಿಸಿದಳು. ತಂಗಿ ಅವಳನ್ನು ನೋಡಿದಳು, ದಾರ ಎಳೆಯುತ್ತಿದ್ದ ಹುಡುಗನನ್ನು ನೋಡಿದಳು. ಬಾಯಿ ಮುಚ್ಚಿದಳು.

ಆಮೇಲೆ ಲಾಡು ಹಂಚಿದರು. ಮಗು ತನ್ನದನ್ನು ತಿಂದು ಮುಗಿಸಿ, ಅಧಿಕಾರಿಯ ಎದುರಿಗೆ ಹೋಗಿ ಅವರ ತಟ್ಟೆಗೆ ಬೆರಳು ತೋರಿಸಿ, ಅವಳಿಗಿದ್ದ ಒಂದೇ ಶಬ್ದವನ್ನು ಮಾಡಿದಳು. "ಅಂ" ಎಂಬಂಥದ್ದು. ಹಸಿವಿಗೂ, ಸಿಟ್ಟಿಗೂ, ಹೇಲಿಗೂ ಅದೇ ಶಬ್ದ.

"ನೋಡಿ, ಮಾತೂ ಬರ್ತಾ ಇದೆ" ಎಂದು ಅಧಿಕಾರಿ ತಮ್ಮ ಲಾಡು ಕೊಟ್ಟರು.

ನಾವು ಕೆಳಗಿಳಿದು ಪಾತ್ರೆ ಅಂಗಡಿಯ ಮುಂದೆ ಆಟೋಗೆ ಕಾಯುತ್ತ ನಿಂತೆವು. ಮಗು ಕಿವಿಯಿಂದ ಯಂತ್ರಗಳನ್ನು ತೆಗೆದು ಅವಳಮ್ಮನ ಕೈಗೆ ಕೊಟ್ಟಳು. ತಂಗಿ ಅವನ್ನು ಪರ್ಸಿನಲ್ಲಿ ಬ್ಯಾಟರಿಗಳ ಪಕ್ಕ ಇಟ್ಟಳು. ಆಮೇಲೆ ಕೇಳಿದಳು.

"ಅಕ್ಕ, ನಾನು ಹುಬ್ಬು ಎತ್ತಿದ್ದು ನಿಂಗೆ ಕಾಣಿಸ್ತಾ?"

"ಕಾಣಿಸ್ತು" ಎಂದೆ.

"ಗಂಟೆ ಹಿಡ್ಕೊಂಡು ಅವ್ರು ನನ್ ಎದುರಿಗೇ ನಿಂತಿದ್ರು" ಎಂದಳು ತಂಗಿ. "ಹಾಗಾದ್ರೆ ಅವ್ರಿಗೂ ಕಾಣಿಸಿರುತ್ತೆ."